ಟಾಪ್ ತೆಗೆದ ಹಳೆಯ ಫಿಯೆಟ್: ಮತ್ತೆ ತಗಡಿನ ಟಾಪ್ ಕೂರಿಸಬೇಕೆ, ಹೀಗೆಯೇ ಉಳಿಸಿಕೊಳ್ಳಬೇಕೆ?

ಕಾಳಿದಂಡೆ, ಕಾರವಾರ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1967ರ ಫಿಯೆಟ್ 1100 ಡಿಲೈಟ್ ಇದೆ. ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತು ಮುಂಬೈಯಲ್ಲಿ ಟ್ಯಾಕ್ಸಿಯಾಗಿ ಓಡಿದ ಮಾದರಿಯೇ ಇದು. ಅದೇ 1089 ಸಿಸಿ ಎಂಜಿನ್, ಸ್ಟೀರಿಂಗ್ ಕೆಳಗೆ ಅದೇ ಗೇರ್ ಹಿಡಿ. ಆದರೆ ನನ್ನದಕ್ಕೆ ಟಾಪ್ ಇಲ್ಲ. ಶಿರಸಿಯ ನನ್ನ ಸೋದರಮಾವ ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ಬಸ್ ಬಾಡಿ ಕಟ್ಟುವ ಶೆಡ್ ಒಂದರಲ್ಲಿ ಇದನ್ನು ತೆರೆದ ಕಾರನ್ನಾಗಿ ಮಾಡಿಸಿದರು. ಹಿಂದಿನ ಎರಡು ಬಾಗಿಲುಗಳನ್ನು ಬೆಸೆದು ಮುಚ್ಚಿದ್ದಾರೆ, ಹಿಂದಿನ ಸೀಟನ್ನು ಕಿರಿದು ಮಾಡಿ ಬಟ್ಟೆಯ ಮೇಲ್ಮುಚ್ಚಿಗೆ, ಅಂದರೆ ಹುಡ್, ಮಡಚಿಡಲು ಜಾಗ ಬಿಡಿಸಿದ್ದಾರೆ. ಇಂಥ ಇನ್ನೊಂದು ಗಾಡಿಯನ್ನು ನಾನು ಎಲ್ಲಿಯೂ ಕಂಡಿಲ್ಲ.

ಆ ಶೆಡ್ಡಿನ ಕೈಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಡ್ಡಿನ ಮುಂಭಾಗ ಗಾಜಿನ ಚೌಕಟ್ಟಿಗೆ ಬಂದು ಕೂರುವಲ್ಲಿ ಸಾಗವಾನಿಯ ಪಟ್ಟಿ ಇದೆ. ಗಾಜಿನ ಬಾಗಿಗೆ ತಕ್ಕಂತೆ ಅದನ್ನು ಮೂರು ತುಂಡುಗಳಲ್ಲಿ ಜೋಡಿಸಿದ್ದಾರೆ. ಜೋಡಣೆಯ ಮೇಲೆ ಉಗುರು ಆಡಿಸಿದರೂ ಸಂದು ತಿಳಿಯುವುದಿಲ್ಲ. ಅದರ ಹಿತ್ತಾಳೆ ಸ್ಕ್ರೂಗಳ ಗೀರುಗಳೆಲ್ಲ ಒಂದೇ ದಿಕ್ಕಿಗೆ ಇವೆ. ಯಾರೂ ಬಗ್ಗಿ ನೋಡದ ಜಾಗ ಅದು. ಅಲ್ಲಿಯೂ ಅಷ್ಟು ಮುತುವರ್ಜಿ ವಹಿಸಿದವನ ಹೆಸರು ನನಗೆ ಗೊತ್ತಾಗಬೇಕಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಈಗ ತೊಂದರೆಗಳು. ಹಿಂದೆ ಇಬ್ಬರು ಕುಳಿತರೆ ಎಡ ಬಾಗಿಲು ಮೇಲ್ತುದಿಯಲ್ಲಿ ಹಿಡಿದುಕೊಳ್ಳುತ್ತದೆ. ಅದೇ ಬದಿಯಲ್ಲಿ ಬಾಗಿಲ ಕೆಳಗಿನ ಸಿಲ್ ತುಕ್ಕು ತಿಂದಿದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ. ಹುಡ್ ಸೋರುತ್ತದೆ. ನಗರದ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. ಗುಜರಿಗೆ ಬಂದ ಪದ್ಮಿನಿಯ ಟಾಪ್ ಕತ್ತರಿಸಿ ತಂದು ಇದಕ್ಕೆ ಬೆಸೆದುಬಿಡೋಣ, ಮಾರುವಾಗಲೂ ಗಿರಾಕಿ ಸಿಗುತ್ತಾನೆ ಎಂದರು. ಮಾರುವ ಮಾತೇ ಇಲ್ಲ. ಆದರೆ ಗಾಡಿ ನಡುವೆ ಮುರಿದು ಕೂರುವ ಅಪಾಯವಿದ್ದರೆ ನನ್ನ ಆಸೆಯನ್ನು ಬದಿಗಿಡಬೇಕಾಗುತ್ತದೆ. ತಿಳಿದವರು ಹೇಳಿ.

ಟಿಂಕರಿಂಗ್ ಶೆಡ್, ಶಿರಸಿ:

ಅಕ್ಕ, ಟಾಪ್ ಬೆಸೆಯುವ ಮಾತನ್ನು ಸದ್ಯಕ್ಕೆ ಬಿಡಿ. ಮೊದಲು ಗಾಡಿಯ ಬಲ ಎಲ್ಲಿದೆ ಎಂದು ನೋಡಬೇಕು.

ಫಿಯೆಟ್ 1100ಕ್ಕೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿ ಚೌಕಟ್ಟು, ಇಲ್ಲ. ನೆಲ, ಸಿಲ್, ಕಂಬಗಳು, ಟಾಪ್ ಎಲ್ಲ ಸೇರಿ ಒಂದೇ ಪೆಟ್ಟಿಗೆ. ಟಾಪ್ ತೆಗೆದ ಮೇಲೆ ಅದು ಹೊರುತ್ತಿದ್ದ ಭಾರವನ್ನೆಲ್ಲ ಸಿಲ್‌ಗಳು ಮತ್ತು ನೆಲ ಹೊರಬೇಕು. ಚಕ್ರಗಳು ಎರಡು ತುದಿಯಲ್ಲಿ, ಜನ ನಡುವೆ. ಹಾಗಾಗಿ ನಡು ಜಗ್ಗುತ್ತದೆ. ನಡು ಜಗ್ಗಿದರೆ ಬಾಗಿಲಿನ ಬಾಯಿ ಮೇಲ್ಭಾಗದಲ್ಲಿ ಕಿರಿದಾಗುತ್ತದೆ. ನಿಮ್ಮ ಬಾಗಿಲು ಹಿಡಿಯುತ್ತಿರುವುದು ಇದಕ್ಕೇ. ಕೀಲು ಸಡಿಲವಾಗಿದ್ದರೂ ಬಾಗಿಲು ಹಿಡಿಯುತ್ತದೆ, ಆದರೆ ಆಗ ಜನ ಕುಳಿತರೂ ಇಳಿದರೂ ಒಂದೇ ಥರ ಹಿಡಿಯುತ್ತದೆ. ನಿಮ್ಮದು ಭಾರ ಬಿದ್ದಾಗ ಮಾತ್ರ ಎಂದಿದ್ದೀರಿ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಬಾಗಿಲಿನ ಹಿಂಬದಿಯ ಸಂದಿಗೆ ಮೇಲೊಂದು ಕೆಳಗೊಂದು ಕಡೆ ರಟ್ಟಿನ ಚೂರುಗಳನ್ನು ತೂರಿಸಿ, ಎಷ್ಟು ಹಿಡಿಸುತ್ತವೆ ಎಂದು ಗುರುತು ಮಾಡಿಕೊಳ್ಳಿ. ಹಿಂದೆ ಇಬ್ಬರನ್ನು ಕೂರಿಸಿ ಮತ್ತೆ ನೋಡಿ. ಎರಡೂ ಬದಿಗೆ ಮಾಡಿ. ಆಮೇಲೆ ಕೆಳಗೆ ನುಗ್ಗಿ ನೋಡಿ. ಬಸ್ ಬಾಡಿಯವರು ಮಾಡಿದ ಕೆಲಸವಾದರೆ ಸಿಲ್‌ನ ಒಳಮಗ್ಗುಲಲ್ಲಿ ದಪ್ಪ ಚಾನೆಲ್ (ತೊಟ್ಟಿಯಂತೆ ಮಡಿಸಿದ ಉಕ್ಕಿನ ಪಟ್ಟಿ) ಕೊಟ್ಟಿರಲೇಬೇಕು, ಅವರಿಗೆ ಉದ್ದನೆಯ ಬಾಡಿಯ ಭಾರ ಎಲ್ಲಿ ಬೀಳುತ್ತದೆಂದು ಗೊತ್ತು. ಆ ಚಾನೆಲ್ ಗಟ್ಟಿಯಿದ್ದರೆ ನಿಮ್ಮ ಗಾಡಿ ಬದುಕಿತು. ಹೊರಗಿನ ಸಿಲ್ ಬದಲಿಸುವುದು ದೊಡ್ಡ ಕೆಲಸವಲ್ಲ.

ದೊಡ್ಡದಲ್ಲ ಎಂದೆ, ಆದರೆ ಕ್ರಮ ತಪ್ಪಿದರೆ ಗಾಡಿ ಹಾಳು. ಸಿಲ್ ಕತ್ತರಿಸುವ ಮೊದಲು ಕೆಳಗಿನಿಂದ ಉದ್ದಕ್ಕೂ ಆಧಾರ ಕೊಟ್ಟು, ಬಾಗಿಲಿನ ಸಂದು ಮೇಲೂ ಕೆಳಗೂ ಒಂದೇ ಅಳತೆಗೆ ಬರುವವರೆಗೆ ಎತ್ತಬೇಕು. ಬಾಗಿಲು ಕಳಚಿ, ಕೀಲಿನ ಕಂಬದಿಂದ ನಡುಕಂಬಕ್ಕೆ ತಾತ್ಕಾಲಿಕ ಆಧಾರವಾಗಿ ಆ್ಯಂಗಲ್ ಪಟ್ಟಿ ಬೆಸೆಯಬೇಕು. ಎಡಕಂಬದಿಂದ ಬಲಕಂಬಕ್ಕೂ ಒಂದು. ಆಮೇಲೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹೊಸ ತಗಡು ಹಾಕಬೇಕು, ಎರಡೂ ಬದಿ ಒಟ್ಟಿಗೆ ಬಿಚ್ಚಲೇಬಾರದು. ಜಗ್ಗಿದ ಸ್ಥಿತಿಯಲ್ಲೇ ಹೊಸ ಸಿಲ್ ಬೆಸೆದರೆ ಆ ಜಗ್ಗು ಶಾಶ್ವತ. ಹಾಗೆ ಕೆಟ್ಟು ಬಂದ ಗಾಡಿಗಳನ್ನು ನೋಡಿ ಹೊಟ್ಟೆ ಉರಿದಿದೆ. ಯಾರ ಕೈಗೆ ಕೊಟ್ಟರೂ, ಆ್ಯಂಗಲ್ ಎಲ್ಲೆಲ್ಲಿ ಕೊಡುತ್ತೀರಿ ಎಂದು ಮೊದಲೇ ಕೇಳಿ. ಉತ್ತರ ತಡವರಿಸಿದರೆ ಗಾಡಿ ವಾಪಸ್ ತನ್ನಿ.

ಶರಾವತಿ ಕಡೆಯವ, ಹೊನ್ನಾವರ:

ನಾನು ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮ ತಂದೆಯವರ ಬಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಅನ್ನೇ 1961ರಿಂದ ಮದ್ರಾಸಿನಲ್ಲಿ ಆ ಹೆಸರಿನಲ್ಲಿ ತಯಾರಿಸುತ್ತಿದ್ದರು. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಟಾಪ್ ಬೋಲ್ಟಿನ ಮೇಲೆ ಕೂರುತ್ತದೆ. ಬಿಚ್ಚಿದರೂ ಗಾಡಿಯ ಬೆನ್ನೆಲುಬಿಗೆ ಏನೂ ಆಗುವುದಿಲ್ಲ. ಫಿಯೆಟ್ ಹಾಗಲ್ಲ. ಮೇಲಾಗಿ ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದ ತಿಂಗಳು ಉಪ್ಪುಗಾಳಿ. ಬಟ್ಟೆಯ ಹುಡ್ ಇಟ್ಟುಕೊಂಡು ತೆರೆದ ಗಾಡಿ ಸಾಕುವುದು ಎಷ್ಟು ದಿನ? ಗಾಡಿ ಉಳಿಯಬೇಕೆಂದರೆ ಟಾಪ್ ಹಾಕಿಸಿ ಎಂಬುದೇ ನನ್ನ ಮಾತು.

ಟಿಂಕರಿಂಗ್ ಶೆಡ್, ಶಿರಸಿ:

ಮಳೆಯ ಮಾತು ಸರಿ. ಆದರೆ ಟಾಪ್ ಕೂರಿಸುವುದೆಂದರೆ ಕತ್ತರಿಸಿದ ಕಂಬಗಳ ತುದಿಗೆ ಬೆಸುಗೆ. ಸಿಲ್ ಕೊಳೆತೇ ಇದ್ದು ಮೇಲೆ ಟಾಪ್ ಬಂದರೆ ಬಾಗಿಲು ಸಲೀಸಾಗಿ ಮುಚ್ಚುತ್ತದೆ, ತುಕ್ಕು ಮಾತ್ರ ಕಣ್ಣಿಗೆ ಬೀಳದೆ ಮುಂದುವರಿಯುತ್ತದೆ. ಸಿಲ್ ರಿಪೇರಿ ಹೇಗಿದ್ದರೂ ತಪ್ಪಿದ್ದಲ್ಲ. ಅದನ್ನು ಸರಿಯಾಗಿ ಮಾಡಿದ ಮೇಲೆ ಟಾಪಿನ ಅಗತ್ಯವೇ ಉಳಿಯುವುದಿಲ್ಲ. ಜರ್ಮನಿಯ ಕಾರ್ಮನ್ ಕಂಪನಿ 1949ರಿಂದ 1980ರವರೆಗೆ ಫೋಕ್ಸ್‌ವ್ಯಾಗನ್ ಬೀಟಲ್‌ಗಳನ್ನು ತೆರೆದ ಕಾರುಗಳಾಗಿ ಕಟ್ಟಿಕೊಟ್ಟದ್ದು ಸಿಲ್‌ಗೆ ಬಲ ತುಂಬಿಯೇ.

ಉಪ್ಪಿಗೆ ಔಷಧ ಸಿಹಿನೀರು. ಕಡಲ ದಂಡೆಗೆ ಹೋಗಿಬಂದ ದಿನವೇ ಅಡಿಭಾಗವನ್ನು ತೊಳೆಯಿರಿ. ಸಿಲ್‌ನ ಕೆಳಗೆ ನೀರು ಇಳಿಯುವ ತೂತುಗಳಿರುತ್ತವೆ, ಮಣ್ಣು ಕಟ್ಟಿದ್ದರೆ ತಂತಿಯಿಂದ ಬಿಡಿಸಿ. ಒಳಗಿನ ರಬ್ಬರ್ ಮ್ಯಾಟ್ ತೆಗೆದು ಎಸೆಯಿರಿ, ನೆಲ ಕೊಳೆಯುವುದು ಅದರಡಿಯಿಂದಲೇ. ಹುಡ್ಡಿಗೆ ರೆಗ್ಜಿನ್ ಬೇಡ, ಬಿಸಿಲಿಗೆ ಸೀಳುತ್ತದೆ. ದಪ್ಪ ಕ್ಯಾನ್ವಾಸ್, ಪಾಲಿಯೆಸ್ಟರ್ ದಾರ, ಜೋಡಿ ಹೊಲಿಗೆ. ನೀರು ನಿಲ್ಲುವ ಕಡೆ ಹೊಲಿಗೆ ಬರದಂತೆ ಬಟ್ಟೆ ಕತ್ತರಿಸಲು ಹೇಳಿ. ಒದ್ದೆ ಹುಡ್ಡನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ನಿಮ್ಮ ಸಾಗವಾನಿ ಪಟ್ಟಿಯೂ ಕಪ್ಪಾಗುತ್ತದೆ.

ಕಾಗದಪತ್ರ, ಕುಮಟಾ:

ಎಲ್ಲರೂ ತಗಡಿನ ಬಗ್ಗೆ ಹೇಳಿದ್ದೀರಿ, ನಾನು ಆರ್‌ಸಿಯ ಬಗ್ಗೆ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. ನಿಮ್ಮದು ಅದಕ್ಕೂ ಹಿಂದಿನ ಬದಲಾವಣೆ. ಆಗಲೇ ದಾಖಲೆಗೆ ಸೇರಿಸಿದ್ದಾರೆಯೇ ಎಂಬುದು ಮುಖ್ಯ. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ, ಅಂದರೆ ಅವರ ನೋಂದಣಿ ದಾಖಲೆಯ ಪ್ರತಿಗೆ, ಅರ್ಜಿ ಹಾಕಿ, ಬಾಡಿಯ ವಿವರ ಏನಿದೆ ನೋಡಿ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಅನ್ವಯಿಸುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಎನ್ನುತ್ತದೆ. ಅದನ್ನೇ ನಂಬಿಕೊಂಡು ಹೋಗಬೇಡಿ.

ಇನ್ನೊಂದು ಮಾತು. ಇಂಗ್ಲೆಂಡಿನ ಕ್ರೇಫರ್ಡ್ ಎಂಬ ಸಂಸ್ಥೆ 1966ರಲ್ಲಿ ಹೈನ್ಜ್ ಕಂಪನಿಯ ಸ್ಪರ್ಧೆಗೆಂದು 57 ವೂಲ್ಸ್‌ಲಿ ಹಾರ್ನೆಟ್ ಕಾರುಗಳ ಟಾಪ್ ತೆಗೆದುಕೊಟ್ಟಿತು. ಯಾರು ಕಟ್ಟಿದರು, ಯಾತಕ್ಕೆ ಕಟ್ಟಿದರು ಎಂಬುದು ಗೊತ್ತಿರುವುದರಿಂದಲೇ ಅವುಗಳನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಿಮ್ಮ ಮಾವನವರ ಪೆಟ್ಟಿಗೆಯಲ್ಲಿ ಆ ಶೆಡ್ಡಿನ ರಸೀದಿ, ಒಂದು ಫೋಟೊ ಏನಾದರೂ ಇದ್ದರೆ ತೆಗೆದಿಡಿ.

ಕಾಳಿದಂಡೆ, ಕಾರವಾರ:

ಶಿರಸಿಯ ಅಣ್ಣ ಹೇಳಿದ ಪರೀಕ್ಷೆ ಮಾಡಿದೆ. ಬಲ ಬಾಗಿಲಿನ ಸಂದು ಜನ ಕುಳಿತರೂ ಬದಲಾಗಲಿಲ್ಲ. ಎಡಗಡೆ ಮೇಲಿನ ರಟ್ಟು ಬಿಗಿಯಾಗಿ ಹಿಡಿದುಕೊಂಡಿತು, ಎಳೆದರೆ ಬರಲಿಲ್ಲ. ಕೆಳಗೆ ನುಗ್ಗಿ ನೋಡಿದಾಗ ಚಾನೆಲ್ ಕಂಡಿತು! ಮುಂದಿನ ಚಕ್ರದ ಹಿಂದಿನಿಂದ ಹಿಂದಿನ ಸೀಟಿನ ಅಡಿಯವರೆಗೆ ಎರಡೂ ಬದಿಗೆ ಇದೆ, ಬಸ್ಸಿಗೆ ಹೊಡೆಯುವಂಥ ದಪ್ಪ ರಿವೆಟ್ ಹೊಡೆದಿದ್ದಾರೆ. ಎಡಗಡೆಯದು ಮುಂದಿನ ತುದಿಯಲ್ಲಿ ಅಂಗೈಯಗಲ ಮಾತ್ರ ಕೆಟ್ಟಿದೆ. ಮೇಲಿನ ರಬ್ಬರ್ ಮ್ಯಾಟ್ ಎತ್ತಿದರೆ ಅಲ್ಲಿಯೇ ನೀರು ನಿಂತಿತ್ತು.

ಹೊನ್ನಾವರದವರ ಕಾಳಜಿ ಅರ್ಥವಾಗುತ್ತದೆ, ಆದರೂ ಟಾಪ್ ಹಾಕಿಸುವುದಿಲ್ಲ. ಆ ಕೆಲಸ ಮಾಡಿದವನು ಮೇಲೆ ತೆಗೆದದ್ದನ್ನು ಕೆಳಗೆ ಲೆಕ್ಕಹಾಕಿ ತುಂಬಿದ್ದಾನೆ. ಕೆಟ್ಟ ಅಷ್ಟು ಜಾಗವನ್ನು ಸರಿಪಡಿಸುವುದು ಈಗ ನನ್ನ ಪಾಲಿನ ಕೆಲಸ. ಬಿ ಎಕ್ಸ್‌ಟ್ರ್ಯಾಕ್ಟ್‌ಗೆ ಅರ್ಜಿ ಹಾಕುತ್ತೇನೆ. ಹುಡ್ ಹೊಲಿಯಲು ಬೈತಖೋಲ ಬಂದರಿನ ಬಳಿ ದೋಣಿಗಳಿಗೆ ಕ್ಯಾನ್ವಾಸ್ ಹೊಲಿಯುವವರನ್ನು ವಿಚಾರಿಸಿದ್ದೇನೆ.

ಅಣ್ಣ, ಸಿಲ್ ಕೆಲಸ ನಿಮ್ಮ ಕೈಯಲ್ಲೇ ಆಗಲಿ. ಈ ಸ್ಥಿತಿಯಲ್ಲಿ ದೇವಿಮನೆ ಘಟ್ಟದ ತಿರುವುಗಳಲ್ಲಿ ಓಡಿಸಿಕೊಂಡು ಬರುವ ಧೈರ್ಯ ಇಲ್ಲ, ಲಾರಿಯಲ್ಲಿ ತರುತ್ತೇನೆ. ಹಗ್ಗ ಎಲ್ಲಿಗೆ ಬಿಗಿಯಬೇಕು?

ಟಿಂಕರಿಂಗ್ ಶೆಡ್, ಶಿರಸಿ:

ಹಗ್ಗ ಆಕ್ಸಲ್‌ಗೆ ಮಾತ್ರ, ಬಾಡಿಗೆ ಎಲ್ಲಿಯೂ ಬೇಡ. ಹತ್ತಿಸುವಾಗ ನಡುವೆ ಜಾಕ್ ಕೊಡಲು ಬಿಡಬೇಡಿ. ಎರಡೂ ಬಾಗಿಲು ಹಾಕಿಯೇ ಇರಲಿ, ಒಳಗೆ ಯಾರೂ ಕೂರುವುದು ಬೇಡ. ಮೃಗಶಿರಾ ಮಳೆ ಹಿಡಿಯುವ ಮೊದಲೇ ತನ್ನಿ.