ಕೊಲ್ಲೂರಿನಲ್ಲಿ ಬಿಸಿಲು, ಕೊಡಚಾದ್ರಿಯ ತುದಿಯಲ್ಲಿ ಮೋಡ: ಏಕೆ ಹೀಗೆ?

ಧಾರವಾಡದ ಶಿಕ್ಷಕಿ:
ದಸರಾ ರಜೆಯಲ್ಲಿ ಮನೆಯವರೊಂದಿಗೆ ಕೊಡಚಾದ್ರಿಗೆ ಹೋಗಿದ್ದೆ. ಕೊಲ್ಲೂರಿನಲ್ಲಿ ಬೆವರು ಒರೆಸಿಕೊಳ್ಳುತ್ತಲೇ ಜೀಪು ಹತ್ತಿದೆವು. ಸರ್ವಜ್ಞ ಪೀಠದ ಹತ್ತಿರ ನಾಲ್ಕು ಮಾರು ಆಚೆ ನಿಂತವರೂ ಕಾಣಲಿಲ್ಲ. ಮಳೆ ಇರಲಿಲ್ಲ, ಆದರೂ ಸೆರಗೆಲ್ಲ ಒದ್ದೆ! ಒಂದೇ ಬೆಟ್ಟದ ಬುಡಕ್ಕೂ ತುದಿಗೂ ಇಷ್ಟು ವ್ಯತ್ಯಾಸವೇಕೆ? ನೆತ್ತಿಯಲ್ಲಿ ದೊಡ್ಡ ಮರಗಳೇಕಿಲ್ಲ? ಶಾಲೆಯ ಮಕ್ಕಳಿಗೆ ಹೇಳಬೇಕೆಂದಿದ್ದೇನೆ, ತಿಳಿದವರು ವಿವರಿಸಿ.

ನಿಟ್ಟೂರಿನ ಅಡಿಕೆ ಬೆಳೆಗಾರ:
ಮೇಡಂ, ನಿಮ್ಮ ಸೆರಗು ನೆನೆಸಿದ್ದು ಮೋಡವೇ. ಕೊಡಚಾದ್ರಿಯ ಎತ್ತರ 1343 ಮೀಟರ್. ಸಮುದ್ರದ ಕಡೆಯಿಂದ ನೀರಾವಿ ಹೊತ್ತು ಬರುವ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು, ಏರಿದಂತೆ ತಣ್ಣಗಾಗಲೇಬೇಕು. ಆಗ ಆವಿ ಹನಿಗಟ್ಟುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ ಎಂದು ಮಕ್ಕಳಿಗೆ ಹೇಳಿ. ಕೆಳಗಿನವರಿಗೆ ಅದು ಬೆಟ್ಟದ ಮೇಲಿನ ಮೋಡ, ಅದರೊಳಗೆ ನಿಂತವರಿಗೆ ಮಂಜು.

ಮರಗಳಿಲ್ಲವೆಂದಲ್ಲ. ಚಿತ್ರಮೂಲದ ಕಡೆ ಇಳಿಯುವಾಗ ಬೆಟ್ಟದ ಮಡಿಕೆಗಳನ್ನು ನೋಡಬೇಕಿತ್ತು. ಅಲ್ಲಿ ಗಾಳಿಯ ಹೊಡೆತ ಕಡಿಮೆ, ಮಣ್ಣು ಆಳ, ನೀರು ನಿಲ್ಲುತ್ತದೆ. ಶೋಲಾ ಕಾಡು, ಅಂದರೆ ಎತ್ತರದ ಬೆಟ್ಟಗಳ ಮಡಿಕೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡು, ಒತ್ತೊತ್ತಾಗಿ ಬೆಳೆದಿದೆ. ಮರಗಳು ಗಿಡ್ಡ, ಕೊಂಬೆಗಳು ಗಂಟುಗಂಟು, ತೊಗಟೆಯ ತುಂಬ ಪಾಚಿ. ಪಾಚಿಯನ್ನು ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತದೆ. ಬಯಲಾದ ಏಣುಗಳಲ್ಲಿ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿಯೂ ಬೀಳುತ್ತದೆ. ಅಲ್ಲಿ ಹುಲ್ಲಿಗೇ ಜಾಗ. ದಯವಿಟ್ಟು ಮಕ್ಕಳಿಗೆ ಇದನ್ನೂ ಹೇಳಿ: ಅದು ಬೋಳು ಗುಡ್ಡವಲ್ಲ. ಆ ಹುಲ್ಲಿನ ಬೇರು ಹಿಡಿದುಕೊಂಡಿರುವುದರಿಂದಲೇ ಮಣ್ಣು ಉಳಿದಿದೆ. ಕಾಲುದಾರಿ ಬಿಟ್ಟು ತುಳಿದಲ್ಲೆಲ್ಲ ಮುಂದಿನ ಮಳೆಗೆ ಕೊರಕಲು ಬೀಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬೈಂದೂರಿನವ:
ಘಟ್ಟದ ಕೆಳಗಿನ ನಮ್ಮದೂ ಒಂದು ಮಾತು. ಸೌಪರ್ಣಿಕೆ ಹುಟ್ಟುವುದು ಆ ಬೆಟ್ಟದಲ್ಲೇ. ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತಾಳೆ.

ಧಾರವಾಡದ ಶಿಕ್ಷಕಿ:
ಹಾಗಾದರೆ ನಿಟ್ಟೂರಿನ ಕಡೆ ಬಿದ್ದ ಮಳೆ ಪೂರ್ವಕ್ಕೆ ಹರಿಯುತ್ತದೆಯೇ? ಸಮುದ್ರ ಕಾಣಬೇಕಾದರೆ ಯಾವಾಗ ಬರಬೇಕು?

ನಿಟ್ಟೂರಿನ ಅಡಿಕೆ ಬೆಳೆಗಾರ:
ನಮ್ಮ ಕಡೆಯ ನೀರು ಶರಾವತಿಗೆ ಸೇರಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಇಳಿದು, ಹೊನ್ನಾವರಕ್ಕೆ ಹೋಗುತ್ತದೆ. ಸುತ್ತುಬಳಸಿದರೂ ಅದೇ ಅರಬ್ಬಿ ಸಮುದ್ರ. ಈ ನಕ್ಷೆಯನ್ನು ಮಕ್ಕಳಿಂದಲೇ ಬರೆಸಿ, ಚೆನ್ನಾಗಿರುತ್ತದೆ.

ಸಮುದ್ರ ನೋಡಲು ಡಿಸೆಂಬರ್, ಜನವರಿ ಒಳ್ಳೆಯದು. ಆಗ ಮೂಡಣದ ಒಣಗಾಳಿ ಹೆಚ್ಚು. ಬೇಸಿಗೆ ಬಲಿತಂತೆ ದೂರವೆಲ್ಲ ಮಬ್ಬಾಗುತ್ತದೆ. ಹಗಲೇರಿದ ಮೇಲೆ ಕಡಲಗಾಳಿ ತೇವ ತರುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಹತ್ತಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಶರಾವತಿಯ ಹಿನ್ನೀರು, ಎರಡೂ ಸಿಗುತ್ತವೆ. ಮಳೆಗಾಲದಲ್ಲಿ ಮಾತ್ರ ಮಕ್ಕಳನ್ನು ಕರೆತರಬೇಡಿ. ಜೀಪಿನ ದಾರಿಯೇ ಹಳ್ಳವಾಗಿರುತ್ತದೆ, ರಕ್ತ ಹೀರುವ ಉಂಬಳದ (ನೆಲದ ಜಿಗಣೆ) ಕಾಟ ಬೇರೆ.