ಸಹಾಯ ಬೇಕು: ಬಾಯಿಮಾತಿನಲ್ಲಿ ಹೇಳಿದ ಅಲರ್ಜಿಗೆ ಸಾಕ್ಷಿ ಯಾವುದು?

ಕಳೆದ ಭಾನುವಾರ ಕಲಬುರಗಿಯ ದುಬಾರಿ ಇಟಾಲಿಯನ್ ರೆಸ್ಟೋರೆಂಟೊಂದರಲ್ಲಿ, ಮಗಳಿಗೆ ಗೋಡಂಬಿ ಆಗಿಬರುವುದಿಲ್ಲವೆಂದು ಎರಡು ಸಲ ಹೇಳಿಯೇ ಪೆಸ್ಟೊ (ಬೇಸಿಲ್ ಎಲೆ, ಪೈನ್ ಬೀಜ ಅರೆದು ಮಾಡುವ ಸಾಸ್) ಹಾಕಿದ ಪಾಸ್ತಾ ತರಿಸಿದೆವು. ಪಾಸ್ತಾ ತಣ್ಣಗೆ, ಅಂಟಂಟಾಗಿತ್ತು, ಅದಿರಲಿ. ಮೂರನೆಯ ತುತ್ತಿಗೇ ಅವಳ ತುಟಿ ಊದಿಕೊಂಡು, ಕುತ್ತಿಗೆಯ ತುಂಬ ದದ್ದು ಎದ್ದು, ಆಸ್ಪತ್ರೆಗೆ ಓಡಬೇಕಾಯಿತು. ದುಬಾರಿ ಪೈನ್ ಬೀಜದ ಬದಲು ಗೋಡಂಬಿ ಅರೆದು ಹಾಕಿದ್ದರೆಂಬುದು ಆಮೇಲೆ ತಿಳಿಯಿತು. ವ್ಯವಸ್ಥಾಪಕರು ಬಿಲ್ಲಿನಲ್ಲಿ ರಿಯಾಯಿತಿ ಕೊಡಲು ಬಂದರೇ ಹೊರತು ತಪ್ಪೊಪ್ಪಿಕೊಳ್ಳಲಿಲ್ಲ. ಬರೆದ ಪತ್ರಕ್ಕೂ ಉತ್ತರವಿಲ್ಲ. 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ಹೋಗಲು 2 ವರ್ಷ ಕಾಲಾವಕಾಶವಿರುವುದೂ ಗೊತ್ತು. ಆದರೆ ಅಲರ್ಜಿಯ ವಿಷಯವನ್ನು ಬಾಯಿಮಾತಿನಲ್ಲಷ್ಟೇ ಹೇಳಿದ್ದೆ, ಬಿಲ್ಲಿನಲ್ಲಿ ಅದರ ಉಲ್ಲೇಖವಿಲ್ಲ. ಬಿಲ್ಲು ಮತ್ತು ವೈದ್ಯರ ಚೀಟಿ ಇವೆರಡೇ ಆಯೋಗದ ಮುಂದೆ ಸಾಕಾಗುತ್ತವೆಯೇ, ಅಥವಾ ಮೊದಲು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.