ಅಪ್‌ಡೇಟ್: ಬಿಸಿಯಾದ ಮೇಲೆ ಇಳಿಯುತ್ತಿದ್ದ ಟ್ರ್ಯಾಕ್ಟರ್ ಲಿಫ್ಟ್ ಸರಿಯಾಯ್ತು

ಎಲ್ಲರಿಗೂ ನಮಸ್ಕಾರ. ಅಪ್ಪ 1998ರಲ್ಲಿ ತಗೊಂಡ 35 ಎಚ್‌ಪಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ (ಹಿಂದೆ ಕಟ್ಟಿದ ಉಪಕರಣವನ್ನು ಆಯಿಲ್ ಒತ್ತಡದಿಂದ ಎತ್ತುವ ಭಾಗ) ಬೆಳಿಗ್ಗೆ ಚೆನ್ನಾಗಿ ಎತ್ತುತ್ತೆ, ಬಿಸಿಲೇರಿದ ಮೇಲೆ ಕಲ್ಟಿವೇಟರ್ (ಉಳುವ ಉಪಕರಣ) ತಾನಾಗೇ ಇಳಿಯುತ್ತೆ, ಯಾಕೆ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಈಗ ಸರಿಹೋಗಿದೆ.

ಮೊದಲು ಆಯಿಲ್ ಬದಲಿಸಿ ಜಾಲರಿ ಫಿಲ್ಟರ್ ತೊಳೆದೆವು. ಏನೂ ವ್ಯತ್ಯಾಸ ಆಗಲಿಲ್ಲ. ಲಿಫ್ಟಿಗೆ ಆಯಿಲ್ ಒತ್ತುವ ಪಂಪ್ ಹೊಸದು ಹಾಕಿಸಿ ಅಂತ ಹಲವರು ಹೇಳಿದ್ದಿರಿ. ಅಷ್ಟರಲ್ಲಿ ಒಬ್ಬರು, "ಕಲ್ಟಿವೇಟರ್ ಪೂರ್ತಿ ಎತ್ತಿ, ಇಂಜಿನ್ ಆಫ್ ಮಾಡಿ ನೋಡಿ" ಅಂದಿದ್ದರು. ಅದೇ ದಾರಿ ತೋರಿಸಿತು. ಇಂಜಿನ್ ಜೊತೆ ಪಂಪ್ ನಿಂತ ಮೇಲೂ ಎತ್ತಿದ್ದು ಹಾಗೇ ನಿಲ್ಲಬೇಕಿತ್ತು, ಆದರೆ ಕಲ್ಟಿವೇಟರ್ ಸರಸರ ಇಳಿಯಿತು. ಅಂದರೆ ಎತ್ತುವ ಶಕ್ತಿಗೆ ಕೊರತೆಯಿಲ್ಲ, ಎತ್ತಿದ್ದನ್ನು ಹಿಡಿದಿಡುವ ಕಡೆ ಸೋರಿಕೆ. ಬಿಸಿಯಾದ ಆಯಿಲ್ ತೆಳುವಾಗುವುದರಿಂದ ಮಧ್ಯಾಹ್ನ ಸೋರಿಕೆ ಜಾಸ್ತಿ. (ಪರೀಕ್ಷೆ ಮಾಡುವಾಗ ಯಾರೂ ಕೆಳಗೆ ಕೈಕಾಲು ಇಡಬೇಡಿ.)

ಮೆಕ್ಯಾನಿಕ್ ಮೇಲಿನ ಕವರ್ ಬಿಚ್ಚಿದಾಗ ಲಿಫ್ಟ್ ಪಿಸ್ಟನ್ನಿನ ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ ಸೀಳಿತ್ತು. ಅದನ್ನು ಬದಲಿಸಿದ್ದಷ್ಟೇ. ಪಂಪಿಗೆ ಹೋಲಿಸಿದರೆ ಖರ್ಚು ಏನೇನೂ ಅಲ್ಲ.

ಈ ನೆಪದಲ್ಲಿ ಓದುತ್ತಾ ಹೋದಾಗ ಖುಷಿಯಾದ ಸಂಗತಿ: ಮೂರು ಕಡೆ ಕೊಂಡಿ ಹಾಕಿ ಹೈಡ್ರಾಲಿಕ್‌ನಿಂದ ಎತ್ತುವ ಈ ವ್ಯವಸ್ಥೆ ರೂಪಿಸಿದ್ದು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯೂಸನ್. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಅವರ ಟಿಇ-20 ಟ್ರ್ಯಾಕ್ಟರ್ 5 ಲಕ್ಷಕ್ಕೂ ಹೆಚ್ಚು ತಯಾರಾಯಿತಂತೆ. ಅವುಗಳಲ್ಲಿ ಕೆಲವು ಇವತ್ತಿಗೂ ಓಡುತ್ತಿವೆ. ಬಿಚ್ಚಿ ರಿಪೇರಿ ಮಾಡಲು ಬರುವ ಗಾಡಿಯೇ ಬಾಳಿಕೆ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಕಂಟ್ರೋಲ್ ವಾಲ್ವ್ (ಲಿಫ್ಟಿಗೆ ಆಯಿಲ್ ಬಿಡುವ, ತಡೆಯುವ ಭಾಗ) ನೋಡಿ ಅಂದವರಿಗೆ: ಅದನ್ನೂ ತೆಗೆದು ತೊಳೆಸಿದೆವು, ಗೀರೇನೂ ಇರಲಿಲ್ಲ.